ಬಿಡುವಿಲ್ಲದವರಿಗೆ ಬುದ್ಧ ಹೇಳಿದ್ದು

(ಕಬ್ಬಾಳಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪೂರ್ಣಪಾಠ)



ಸಂಸಾರಸ್ಥರಿಗಾಗಿ ನಡೆಯುವ ಬೌದ್ಧ ಧ್ಯಾನ ಶಿಬಿರಗಳನ್ನು ಕುರಿತು ಈ ವರ್ಷ ಮಾತಾಡುತ್ತೇನೆಂದು ನಾನೇ ಕೇಳಿಕೊಂಡೆ. ಕಬ್ಬಾಳಮ್ಮ ದೇವಿಯ ಊರಿನಲ್ಲಿ ಬುದ್ಧನ ಮಾತೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮಂಗಳವಾರ, ಶುಕ್ರವಾರ, ಭಾನುವಾರ ಇಲ್ಲಿಗೆ ಬರುವ ಜನರನ್ನು ಮಾತಾಡಿಸಿ ನೋಡಿ. ಹರಕೆ ಬೇರೆ ಬೇರೆ ಇರಬಹುದು. ಒಳಗಿನ ಸಂಕಟ ಮಾತ್ರ ಹೆಚ್ಚುಕಡಿಮೆ ಒಂದೇ: ‘ಮನಸ್ಸಿಗೆ ನೆಮ್ಮದಿಯಿಲ್ಲ ತಾಯಿ’. ಬೆಳಗಿನ ಮೊದಲ ಬಸ್ಸಿಗೆ ಹಾರೋಹಳ್ಳಿ, ಬಿಡದಿಯ ಕಾರ್ಖಾನೆಗಳಿಗೆ ಓಡುವ ಹುಡುಗರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುವವರು, ಸಂಘದ ಕಂತಿಗೆ ದುಡ್ಡು ಹೊಂದಿಸುವ ತಾಯಂದಿರು, ಎಲ್ಲರ ಬಾಯಲ್ಲೂ ಅದೇ ಮಾತು. ಕನಕಪುರ ರಸ್ತೆಯುದ್ದಕ್ಕೂ ಧ್ಯಾನದ ಫಲಕಗಳಿವೆ. ನಮ್ಮದೇ ಸೀಮೆಯ ಕೆಬ್ಬೆದೊಡ್ಡಿಯ ಪಿರಮಿಡ್ ವ್ಯಾಲಿಯಲ್ಲಿ ಮೈತ್ರೇಯ ಬುದ್ಧನ ಹೆಸರಿನ ದೊಡ್ಡ ಪಿರಮಿಡ್ಡಿನೊಳಗೆ ಕುಳಿತು ಜನ ತಮ್ಮ ಉಸಿರು ನೋಡುತ್ತಾರೆ. ಇದನ್ನೆಲ್ಲ ಕಂಡೂ ನಮ್ಮವರು ‘ಅದೆಲ್ಲ ಬಿಡುವಿದ್ದವರಿಗೆ ಸ್ವಾಮಿ, ನಮಗೆಲ್ಲಿ?’ ಅನ್ನುತ್ತಾರೆ.

ಈ ಹೊತ್ತಿನ ನನ್ನ ಉಪನ್ಯಾಸ ಆ ಪ್ರಶ್ನೆಗೆ ಉತ್ತರ. ಬುದ್ಧ ಈ ದಾರಿಯನ್ನು ಬಿಡುವಿಲ್ಲದವರಿಗೂ ಹೇಳಿದ. ಆದರೆ ಬಿಡುವನ್ನು ಯಾರೂ ಒಬ್ಬರೇ ಮಾಡಿಕೊಳ್ಳಲಾರರು. ಮನೆ ಕೊಡಬೇಕು, ಊರು ಕೊಡಬೇಕು.

ಮಕ್ಕಳುಮರಿ ತುಂಬಿದ ಮನೆ

ಬುದ್ಧ ಎಂದರೆ ನಮ್ಮ ಕಣ್ಣಮುಂದೆ ಬರುವುದು ನಡುರಾತ್ರಿ ಹೆಂಡತಿ ಮಗುವನ್ನು ಬಿಟ್ಟುಹೋದ ರಾಜಕುಮಾರ. ಆ ಚಿತ್ರ ಎಷ್ಟು ಆಳವಾಗಿ ಕೂತಿದೆಯೆಂದರೆ, ಅವನ ಮುಂದಿನ ನಲವತ್ತೈದು ವರ್ಷಗಳ ಬೋಧನೆಯಲ್ಲಿ ಒಕ್ಕಲಿಗರು, ವ್ಯಾಪಾರಿಗಳು, ಗೃಹಿಣಿಯರು ಎಷ್ಟು ದೊಡ್ಡ ಪಾಲು ಪಡೆದಿದ್ದರೆಂಬುದು ಮರೆತೇಹೋಗುತ್ತದೆ. ಬುದ್ಧನ ಉಪದೇಶಗಳ ಪಾಳಿ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ದೀಘಜಾಣು ಎಂಬ ಕೋಲಿಯ ಕುಲದವನೊಬ್ಬ ಬರುತ್ತಾನೆ. ಅವನ ಮಾತಿನ ತಾತ್ಪರ್ಯ ಇಷ್ಟು: ನಾವು ಹೆಂಡಿರು ಮಕ್ಕಳೊಂದಿಗೆ ಇರುವವರು, ಗಂಧ ಹೂವು ಮುಡಿಯುವವರು, ಬೆಳ್ಳಿ ಬಂಗಾರ ಮುಟ್ಟುವವರು, ನಮಗೆ ತಕ್ಕುದನ್ನು ಹೇಳಿ. ಬುದ್ಧ ಅವನಿಗೆ ಮನೆ ಬಿಡು ಎನ್ನಲಿಲ್ಲ. ಮೈಮುರಿದು ದುಡಿ, ದುಡಿದದ್ದನ್ನು ಕಾಪಾಡು, ಒಳ್ಳೆಯವರ ಸಂಗ ಮಾಡು, ಆದಾಯ ನೋಡಿ ಖರ್ಚು ಮಾಡು ಎಂದು ಈ ಲೋಕದ ನಾಲ್ಕು ಮಾತು ಮೊದಲು ಹೇಳಿ, ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆಗಳ ಮಾತನ್ನು ಆಮೇಲೆ ಎತ್ತಿದ.

ಅದೇ ನಿಕಾಯದಲ್ಲಿ ಶಾಕ್ಯರ ಮಹಾನಾಮ ಇನ್ನೊಂದು ಪ್ರಶ್ನೆ ತರುತ್ತಾನೆ: ನಾನಾ ಬಗೆಯಲ್ಲಿ ಬಾಳುವ ನಾವು ಯಾವುದನ್ನು ಹಿಡಿದು ನಡೆಯಬೇಕು? ಬುದ್ಧ ಅವನಿಗೆ ಕೆಲವು ಅನುಸ್ಮರಣೆಗಳನ್ನು ಕಲಿಸಿ, ಎಲ್ಲೆಲ್ಲಿ ಅವನ್ನು ಮಾಡಬಹುದೆಂದು ಪಟ್ಟಿ ಹೇಳುತ್ತಾನೆ. ನಡೆಯುವಾಗ, ನಿಂತಾಗ, ಕೂತಾಗ, ಮಲಗಿದಾಗ. ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಕೆಲಸದ ಮೇಲುಸ್ತುವಾರಿ ಮಾಡುವಾಗಲೂ ಮಾಡು, ಮಕ್ಕಳು ತುಂಬಿ ಕಿಕ್ಕಿರಿದ ಮನೆಯಲ್ಲಿ ಮಲಗಿದ್ದಾಗಲೂ ಮಾಡು ಎನ್ನುತ್ತಾನೆ. ಒಂದು ನಡುಮನೆಯಲ್ಲಿ ಐದಾರು ಜನ ಚಾಪೆ ಹಾಸಿ ಮಲಗಿ ಬೆಳೆದ ನಮ್ಮಂಥವರಿಗೆ ಈ ಮಾತಿನ ತೂಕ ಬೇಗ ಗೊತ್ತಾಗುತ್ತದೆ.

ಹಾಗಿದ್ದರೆ ಶಿಬಿರವೇಕೆ, ಮನೆಯಲ್ಲೇ ಮಾಡಬಹುದಲ್ಲ? ಮಾಡಬಹುದು; ಆದರೆ ಕಲಿಯಲು, ಕಲಿತದ್ದನ್ನು ಹರಿತ ಮಾಡಿಕೊಳ್ಳಲು ಒಂದಿಷ್ಟು ದಿನ ಬೇಕು. ಅದಕ್ಕೆ ಬುದ್ಧನ ಕಾಲದಲ್ಲೇ ವ್ಯವಸ್ಥೆಯಿತ್ತು. ಬೇರೆ ಪಂಥದವರು ಪಕ್ಷದ ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೇರುತ್ತಾರೆ, ನಿಮ್ಮವರೂ ಸೇರಲಿ ಎಂದು ಮಗಧದ ಅರಸ ಬಿಂಬಿಸಾರ ಕೇಳಿಕೊಂಡದ್ದರಿಂದ ಭಿಕ್ಷುಗಳು ಆ ದಿನಗಳಲ್ಲಿ ಸೇರತೊಡಗಿದರೆಂದು ಭಿಕ್ಷುಗಳ ನಿಯಮಗ್ರಂಥ ವಿನಯ ಪಿಟಕ ಹೇಳುತ್ತದೆ. ಉಪೋಸಥವೆನ್ನುವ ಈ ದಿನಗಳಲ್ಲಿ ಗೃಹಸ್ಥರು ಎಂಟು ಶೀಲ ಹಿಡಿದು, ಮಧ್ಯಾಹ್ನದೊಳಗೆ ಉಂಡು, ಮಾರನೆಯ ಬೆಳಗಿನವರೆಗೆ ಶ್ರಮಣರಂತೆ ಇರುತ್ತಿದ್ದರು. ಶ್ರೀಲಂಕಾದಲ್ಲಿ ಇವತ್ತಿಗೂ ಪ್ರತಿ ಹುಣ್ಣಿಮೆ ಸರ್ಕಾರಿ ರಜೆ. ಬಿಳಿ ಬಟ್ಟೆಯುಟ್ಟು ವಿಹಾರಕ್ಕೆ ಹೋಗಿ ದಿನವಿಡೀ ಕೂರುವವರಲ್ಲಿ ಹೆಚ್ಚಿನವರು ರೈತರು, ನೌಕರರು, ಅಜ್ಜಿಯರು. ವಾರದ ಒಪ್ಪೊತ್ತು ಗೊತ್ತಿರುವ ನಮ್ಮ ಸೀಮೆಗೆ ಇದು ಹೊಸದೇನಲ್ಲ.

ಬ್ರಹ್ಮಗಿರಿಯ ಬಂಡೆ ಹೇಳುವುದು

ಕನ್ನಡ ನೆಲದಲ್ಲೇ ಗೃಹಸ್ಥರ ಸಾಧನೆಗೊಂದು ಸಾಕ್ಷಿ ಕಲ್ಲಿನ ಮೇಲಿದೆ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಹೋದ ಆಜ್ಞೆ ಅದು. ಅದರಲ್ಲಿ ಅಶೋಕ ತನ್ನ ಸಾಧನೆಯ ಲೆಕ್ಕ ಒಪ್ಪಿಸುತ್ತಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು. ಆದರೆ ಒಂದು ವರ್ಷ ಗಟ್ಟಿಯಾಗಿ ಶ್ರಮಿಸಲಿಲ್ಲ. ಭಿಕ್ಷುಸಂಘದ ಹತ್ತಿರ ಹೋದ ಮೇಲೆ, ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎನ್ನುತ್ತಾನೆ. ಇದು ದೊಡ್ಡವರಿಗೆ ಮಾತ್ರ ದಕ್ಕುವ ಫಲವಲ್ಲ, ಸಣ್ಣವರೂ ಶ್ರಮಿಸಿದರೆ ಪಡೆಯಬಹುದು, ಆದ್ದರಿಂದ ಸಣ್ಣವರೂ ದೊಡ್ಡವರೂ ಶ್ರಮಿಸಲಿ ಎಂಬುದು ಅವನ ಅಪ್ಪಣೆ. ಕೊನೆಗೆ 256 ಎಂಬ ಸಂಖ್ಯೆ ಬರುತ್ತದೆ. ಅದು ಅರಮನೆಯಿಂದ ಹೊರಗೆ ಕಳೆದ ರಾತ್ರಿಗಳ ಲೆಕ್ಕವೆಂದು ಹಲವು ವಿದ್ವಾಂಸರು ಓದಿದ್ದಾರೆ.

ಈ ದೊರೆ ಎಷ್ಟು ಕೆಲಸದವನಿದ್ದ ಎಂಬುದಕ್ಕೆ ಅವನ ಇನ್ನೊಂದು ಶಾಸನ ನೋಡಬೇಕು. ನಾನು ಉಣ್ಣುತ್ತಿರಲಿ, ಅಂತಃಪುರದಲ್ಲಿರಲಿ, ತೋಟದಲ್ಲಿರಲಿ, ಪ್ರಜೆಗಳ ಕೆಲಸವಿದ್ದರೆ ಬಂದು ತಿಳಿಸಿ ಎಂದು ವರದಿಗಾರರಿಗೆ ಆಜ್ಞೆ ಮಾಡಿದವನು ಅವನು. ಅಂಥವನು ಸಂಘದ ಬಳಿ ಹೋಗಲು ಹೊತ್ತು ಮಾಡಿಕೊಂಡ. ಸಾಧನೆ ಸಡಿಲವಾಗಿದ್ದ ಕಾಲವನ್ನೂ ಮುಚ್ಚಿಡದೆ ತನ್ನ ಅಧಿಕಾರಿಗಳಿಗೆ ಬರೆಸಿದ. ಒಬ್ಬ ಗೃಹಸ್ಥನ ಧಮ್ಮಸಾಧನೆಯ ದಾಖಲೆ ಇಷ್ಟು ಹಳೆಯದು, ಇಷ್ಟು ಪ್ರಾಮಾಣಿಕವಾದದ್ದು ನಮ್ಮ ನಾಡಿನ ಬಂಡೆಯ ಮೇಲೆ ಇದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಲೆಕ್ಕಪತ್ರದ ಕಚೇರಿಯಲ್ಲಿ

ಇವತ್ತು ನಾವು ಕಾಣುವ ಹತ್ತು ದಿನದ ವಿಪಶ್ಯನ ಶಿಬಿರದ ಮೂಲ ಬರ್ಮಾದ್ದು. ಅಲ್ಲಿನ ಲೇಡಿ ಸಯಾಡೋ (1846–1923) ಎಂಬ ಭಿಕ್ಷು ಗೃಹಸ್ಥರಿಗೂ ಈ ವಿದ್ಯೆಯನ್ನು ತೆರೆದರು. ಅವರಿಂದ ಕಲಿತು ಕಲಿಸಿದ ಸಯಾ ಥೆಟ್‌ಜಿ ಹೊಲಗದ್ದೆಯ ಮನುಷ್ಯ. ಥೆಟ್‌ಜಿಯವರಿಂದ 1937ರಲ್ಲಿ ಕಲಿತವರು ಊ ಬಾ ಖಿನ್. ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಅದರ ಮೊದಲ ಅಕೌಂಟೆಂಟ್ ಜನರಲ್ ಆದವರು. ದೇಶದ ಲೆಕ್ಕಪತ್ರವೆಲ್ಲ ಮೇಜಿನ ಮೇಲೆ ಬರುತ್ತಿದ್ದ ಆ ಅಧಿಕಾರಿ ತಮ್ಮ ಕಚೇರಿಯ ನೌಕರರಿಗೇ ಧ್ಯಾನ ಕಲಿಸಿದರು. 1952ರಲ್ಲಿ ರಂಗೂನಿನಲ್ಲಿ ಧ್ಯಾನಕೇಂದ್ರ ಕಟ್ಟಿದರು. ಸಂಸಾರ, ನೌಕರಿ ಇರುವವರಿಗೆ ವರ್ಷಗಟ್ಟಲೆ ಕಾಡಿನಲ್ಲಿರಲು ಆಗದೆಂಬುದು ಅವರಿಗೆ ಗೊತ್ತಿತ್ತು, ಏಕೆಂದರೆ ಅವರೂ ಅಂಥವರೇ. ಹತ್ತು ದಿನದ ಚೌಕಟ್ಟು ಆ ಅನುಭವದಲ್ಲಿ ಹದಗೊಂಡಿತು.

ಅವರ ಬಳಿಗೆ 1955ರಲ್ಲಿ ಬಂದವರು ಮಾಂಡಲೆಯಲ್ಲಿ ಹುಟ್ಟಿದ ಮಾರವಾಡಿ ಉದ್ಯಮಿ ಸತ್ಯನಾರಾಯಣ ಗೋಯೆಂಕಾ. ಬಿಡದ ಅರೆತಲೆನೋವು, ಅದಕ್ಕೆ ಮಾರ್ಫಿನ್ ಚುಚ್ಚುಮದ್ದು. ತಲೆನೋವು ವಾಸಿ ಮಾಡಿಕೊಳ್ಳಲು ಬರುವುದಾದರೆ ಬೇಡ, ಮನಸ್ಸನ್ನು ತೊಳೆದುಕೊಳ್ಳಲು ಬರುವುದಾದರೆ ಬಾ ಎಂಬುದು ಗುರುವಿನ ನಿಲುವಾಗಿತ್ತು. 1969ರಲ್ಲಿ ಭಾರತಕ್ಕೆ ಬಂದ ಗೋಯೆಂಕಾ ಅದೇ ಜುಲೈನಲ್ಲಿ ಮುಂಬೈಯಲ್ಲಿ ಮೊದಲ ಶಿಬಿರ ನಡೆಸಿದರು. 1976ರಲ್ಲಿ ಇಗತ್‌ಪುರಿಯ ಧಮ್ಮಗಿರಿ ತೆರೆಯಿತು. 2013ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕೇಂದ್ರಗಳು ಹತ್ತಾರು ದೇಶಗಳಲ್ಲಿದ್ದವು. ನಮಗೆ ಹತ್ತಿರದ್ದು ಬೆಂಗಳೂರಿನ ತುಮಕೂರು ರಸ್ತೆ ಕಡೆಯ ಆಲೂರಿನ ಧಮ್ಮ ಪಫುಲ್ಲ. ಸಂಜೆಯ ಪ್ರವಚನ ಕನ್ನಡದಲ್ಲೂ ಸಿಗುತ್ತದೆ. ಇಂಗ್ಲಿಷ್ ಬಾರದೆಂದು ಹಿಂಜರಿಯಬೇಕಿಲ್ಲ.

ಕನ್ನಡದಲ್ಲಿ ಇದಕ್ಕೆ ನೆಲ ಹಸನು ಮಾಡಿದವರನ್ನೂ ನೆನೆಯಬೇಕು. ನಮ್ಮ ರಾಮನಗರದಲ್ಲಿ ಹುಟ್ಟಿದ ಜಿ.ಪಿ. ರಾಜರತ್ನಂ ಅವರನ್ನು ಮಕ್ಕಳ ಪದ್ಯಗಳ, ‘ರತ್ನನ ಪದಗಳು’ ಸಂಕಲನದ ಕವಿಯೆಂದು ಬಲ್ಲೆವು. ಅವರೇ ಪಾಳಿ ಕಲಿತು, ಶಾಕ್ಯ ಸಾಹಿತ್ಯ ಮಂಟಪ ಎಂಬ ಹೆಸರಿನಲ್ಲಿ ಪುಸ್ತಕ ಪ್ರಕಟಿಸಿ, ಬುದ್ಧನ ಮಾತನ್ನು ಸರಳ ಕನ್ನಡಕ್ಕೆ ತಂದರು. ಬೆಂಗಳೂರಿನ ಗಾಂಧಿನಗರದಲ್ಲಿ 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಕಟ್ಟಿದ ಮಹಾಬೋಧಿ ಸೊಸೈಟಿ ಇನ್ನೊಂದು ಆಸರೆ.

ಹತ್ತು ದಿನದಲ್ಲಿ ನಡೆಯುವುದು

ಶಿಬಿರವೆಂದರೆ ಏನೆಂದು ಹೋಗುವವರಿಗೆ ಸ್ಪಷ್ಟವಾಗಿರಬೇಕು. ಮೊದಲ ದಿನವೇ ಮೊಬೈಲು, ಪುಸ್ತಕ, ಪೆನ್ನು ಒಪ್ಪಿಸಬೇಕು. ಐದು ಶೀಲ ಹಿಡಿಯಬೇಕು: ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ, ಬ್ರಹ್ಮಚರ್ಯ ಬಿಡುವುದಿಲ್ಲ, ಅಮಲು ಬರಿಸುವುದನ್ನು ಮುಟ್ಟುವುದಿಲ್ಲ. ಹತ್ತನೆಯ ದಿನದ ಬೆಳಗಿನವರೆಗೆ ಆರ್ಯಮೌನ. ಪಕ್ಕದವರ ಜೊತೆ ಮಾತಿಲ್ಲ, ಕಣ್ಸನ್ನೆಯೂ ಇಲ್ಲ. ಆಚಾರ್ಯರ ಬಳಿ ಸಂದೇಹ ಕೇಳಬಹುದು, ಸೇವಕರ ಬಳಿ ತೊಂದರೆ ಹೇಳಬಹುದು.

ಬೆಳಗಿನ ನಾಲ್ಕಕ್ಕೆ ಗಂಟೆ. ನಾಲ್ಕೂವರೆಯಿಂದ ಆರೂವರೆವರೆಗೆ ಕೂರುವುದು. ತಿಂಡಿ. ಎಂಟರಿಂದ ಹನ್ನೊಂದು ಮತ್ತೆ. ಹನ್ನೊಂದಕ್ಕೆ ಊಟ, ಒಂದರವರೆಗೆ ವಿಶ್ರಾಂತಿ. ಒಂದರಿಂದ ಐದರವರೆಗೆ ನಡುನಡುವೆ ಸಣ್ಣ ಬಿಡುವಿನೊಂದಿಗೆ ಅದೇ. ಐದಕ್ಕೆ ಹೊಸಬರಿಗೆ ಹಣ್ಣು, ಚಹಾ. ಹಳೆಯ ಸಾಧಕರಿಗೆ ಪಾನಕ ಮಾತ್ರ. ಆರರಿಂದ ಏಳು ಸಾಮೂಹಿಕ ಧ್ಯಾನ, ಆಮೇಲೆ ಪ್ರವಚನ, ಮತ್ತೊಂದು ಸಣ್ಣ ಬೈಠಕ್, ಒಂಬತ್ತೂವರೆಗೆ ದೀಪ ಆರುತ್ತದೆ.

ಮೊದಲ ಮೂರು ದಿನ ಒಂದೇ ಕೆಲಸ: ಆನಾಪಾನ. ಉಸಿರನ್ನು ಎಳೆಯುವಂತಿಲ್ಲ, ಹಿಡಿಯುವಂತಿಲ್ಲ; ಬರುವುದನ್ನು ಹೋಗುವುದನ್ನು ತಿಳಿಯುತ್ತಿರಬೇಕು. ಕ್ರಮೇಣ ಗಮನವನ್ನು ಮೂಗಿನ ಕೆಳಗೆ, ಮೇಲ್ದುಟಿಯ ಮೇಲಿನ ಬೆರಳಗಲದ ಜಾಗಕ್ಕೆ ತರುತ್ತಾರೆ. ಕುಳಿತವರಿಗೆ ಗೊತ್ತು, ಎರಡು ಉಸಿರು ಕಳೆಯುವುದರೊಳಗೆ ಮನಸ್ಸು ಮನೆಗೆ ಹೋಗಿರುತ್ತದೆ. ಎಮ್ಮೆಗೆ ಹುಲ್ಲು ಹಾಕಿದರೋ ಇಲ್ಲವೋ, ಚೀಟಿ ದುಡ್ಡು ಯಾರ ಕೈಸೇರಿತೋ, ಹತ್ತು ವರ್ಷದ ಹಿಂದೆ ನಾದಿನಿ ಆಡಿದ ಮಾತಿಗೆ ಏನು ಉತ್ತರ ಕೊಡಬೇಕಿತ್ತೋ. ಹೋಗಿದೆ ಎಂದು ತಿಳಿದಾಗ ಬೈಯದೆ, ನೊಂದುಕೊಳ್ಳದೆ ಮತ್ತೆ ಉಸಿರಿಗೆ ಕರೆತರಬೇಕು. ಇಡೀ ವಿದ್ಯೆಯ ಬೇರು ಈ ಕರೆತರುವುದರಲ್ಲಿದೆ.

ನಾಲ್ಕನೆಯ ದಿನ ವಿಪಶ್ಯನ ಶುರು. ನೆತ್ತಿಯಿಂದ ಅಂಗಾಲಿನವರೆಗೆ ಮೈಮೇಲೆ ಏಳುವ ಬಿಸಿ, ಜೋಮು, ನೋವು, ನವಿರಾದ ಮಿಡಿತಗಳನ್ನು ಒಂದೊಂದಾಗಿ ನೋಡುತ್ತ ಹೋಗುವುದು. ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಅಧಿಷ್ಠಾನ: ಕೈ, ಕಾಲು, ಕಣ್ಣು ಅಲುಗಿಸದೆ ಕೂರುವ ಪ್ರಯತ್ನ. ಮಂಡಿ ಸಿಡಿಯುತ್ತದೆ. ಇನ್ನು ತಡೆಯಲಾರೆ ಅನ್ನಿಸಿದ ನೋವು ತಾನಾಗಿ ಅಲುಗಿ, ಚೂರಾಗಿ, ಕರಗುವುದನ್ನು ಒಮ್ಮೆ ಕಂಡವರಿಗೆ ಕೋಪದ ಗುಣವೂ ಇದೇ ಎಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ. ಏಳುತ್ತದೆ, ಇರುತ್ತದೆ, ಹೋಗುತ್ತದೆ. ನಾವು ಅದಕ್ಕೆ ಸೌದೆ ಒಟ್ಟದಿದ್ದರೆ ಸಾಕು. ಹತ್ತನೆಯ ದಿನ ಮೈತ್ರಿ ಭಾವನೆ, ಹನ್ನೊಂದನೆಯ ಬೆಳಿಗ್ಗೆ ಮನೆಯ ದಾರಿ. ಅಲ್ಲಿಂದ ಮುಂದೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಬೇಕೆಂದು ಹೇಳಿ ಕಳಿಸುತ್ತಾರೆ. ಆ ಅಭ್ಯಾಸ ತಪ್ಪಿದರೆ ಹತ್ತು ದಿನದ ಶ್ರಮ ಬೇಗ ಮಸುಕಾಗುತ್ತದೆ.

ಎರಡು ಎಚ್ಚರಿಕೆ. ತೀವ್ರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಇಂಥ ಶಿಬಿರ ತಕ್ಕದ್ದಲ್ಲ. ಅರ್ಜಿಯಲ್ಲಿ ಇದನ್ನು ಕೇಳುತ್ತಾರೆ. ಮುಚ್ಚಿಡಬಾರದು, ಮಾತ್ರೆ ನಿಲ್ಲಿಸಿ ಹೋಗಲೇಬಾರದು. ಇನ್ನೊಂದು, ಯಾರನ್ನೂ ಬಲವಂತದಿಂದ ಕಳಿಸಬಾರದು. ಊರಿನ ನೆತ್ತಿಯ ಮೇಲಿನ ಈ ಕಬ್ಬಾಳದುರ್ಗವನ್ನು ಮೈಸೂರಿನ ಇತಿಹಾಸ ಹೆಚ್ಚಾಗಿ ಸೆರೆಮನೆಯೆಂದೇ ನೆನೆಯುತ್ತದೆ. 1734ರಲ್ಲಿ ದಳವಾಯಿಗಳು ತಮ್ಮ ದೊರೆ ಚಾಮರಾಜ ಒಡೆಯರನ್ನೇ ಗದ್ದುಗೆಯಿಂದ ಇಳಿಸಿ ಇಲ್ಲಿಗೆ ತಂದಿಟ್ಟರು. ಹೇರಿದ ಏಕಾಂತ ಮನುಷ್ಯನನ್ನು ಮುರಿಯುತ್ತದೆ. ತಾನಾಗಿ ಒಪ್ಪಿಕೊಂಡ ಮೌನದ ಫಲ ಬೇರೆ: 1994ರಲ್ಲಿ ದೆಹಲಿಯ ತಿಹಾರ್ ಸೆರೆಮನೆಯಲ್ಲಿ ಸಾವಿರಕ್ಕೂ ಹೆಚ್ಚು ಬಂದಿಗಳು ಒಟ್ಟಿಗೆ ಶಿಬಿರಕ್ಕೆ ಕುಳಿತರು, ಮುಂದೆ ಅಲ್ಲಿ ಕಾಯಂ ಕೇಂದ್ರವೇ ಆಯಿತು. ಅದೂ ಇಷ್ಟಪಟ್ಟು ಕುಳಿತವರಿಂದಲೇ ಆದದ್ದು.

ಹುಳು ಮನೆಯ ಪ್ರಶ್ನೆ

ಪಂಚಶೀಲದ ಮೊದಲ ಮಾತು ಕೇಳಿದೊಡನೆ ನಮ್ಮ ಸೀಮೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ರೇಷ್ಮೆ ಹುಳು ಸಾಕಿ, ಗೂಡು ಮಾರಿ ಬದುಕುವವರು ನಾವು. ಗೂಡು ಬಿಚ್ಚಬೇಕಾದರೆ ಒಳಗಿನ ಜೀವ ಸಾಯಬೇಕು. ನಮಗೆ ಈ ದಾರಿ ಇದೆಯೇ?

ವಿನಯ ಪಿಟಕದಲ್ಲಿ ಇದೇ ವಿಷಯದ ಪ್ರಸಂಗವಿದೆ. ಆಳವಿ ಎಂಬ ಊರಿನಲ್ಲಿ ಕೆಲವು ಭಿಕ್ಷುಗಳು ರೇಷ್ಮೆ ಬೆರೆತ ಹಾಸು ಬೇಕೆಂದು ರೇಷ್ಮೆ ಮಾಡುವವರ ಬಳಿ ಹೋಗಿ, ಹೆಚ್ಚು ಹುಳು ಬೇಯಿಸಿ ನಮಗೂ ಕೊಡಿ ಎಂದು ಕೇಳಿದರಂತೆ. ಆ ಜನ ನೊಂದುಕೊಂಡರು: ಹೊಟ್ಟೆಪಾಡಿಗೆ, ಹೆಂಡತಿ ಮಕ್ಕಳಿಗಾಗಿ ನಾವು ಇಷ್ಟು ಜೀವ ತೆಗೆಯುವುದೇ ನಮ್ಮ ದುರ್ದೈವ, ಇವರೇಕೆ ತೆಗೆಸುತ್ತಾರೆ? ಬುದ್ಧ ಭಿಕ್ಷುಗಳನ್ನು ಗದರಿಸಿ, ಅಂಥ ಹಾಸು ಮಾಡಿಸಿಕೊಳ್ಳಕೂಡದೆಂದು ನಿಯಮ ಮಾಡಿದ.

ನಿಯಮ ಬಿದ್ದದ್ದು ಯಾರ ಮೇಲೆ ಎಂಬುದನ್ನು ಗಮನಿಸಬೇಕು. ದುಡಿಯುವವನ ಸಂಕಟ ಅರಿಯದೆ ಸುಖ ಕೇಳಿದವನ ಮೇಲೆ ಬಿತ್ತು. ಹಾಗೆಂದು ನಮ್ಮ ಕಸುಬಿನಲ್ಲಿ ಹಿಂಸೆಯೇ ಇಲ್ಲವೆಂದು ನಾನು ಸಮಾಧಾನ ಹೇಳಲಾರೆ. ಆಳವಿಯ ಆ ಜನರೂ ಹೇಳಿಕೊಳ್ಳಲಿಲ್ಲ. ಶಿಬಿರದ ಹತ್ತು ದಿನ ಶೀಲವನ್ನು ಪೂರ್ತಿ ಪಾಲಿಸಬಹುದು. ಮರಳಿ ಬಂದು ತನ್ನ ಕಸುಬನ್ನು ತೆರೆದ ಕಣ್ಣಿನಿಂದ ನೋಡಬಹುದು. ಏನು ಬದಲಿಸಬೇಕು, ಎಷ್ಟು ಬದಲಿಸಲಾದೀತು ಎಂಬ ತೀರ್ಮಾನ ಆ ಮನೆಯದು. ಪಟ್ಟೆಸೀರೆ ಉಡುವವರು ಹುಳು ಸಾಕುವವರಿಗೆ ಅಹಿಂಸೆ ಬೋಧಿಸುವುದು ಮಾತ್ರ ನ್ಯಾಯವಲ್ಲ.

ಬಿಡುವು ಕೊಡುವವರು ಯಾರು?

ಈಗ ಮೊದಲಿನ ಪ್ರಶ್ನೆ. ಶಿಬಿರಕ್ಕೆ ಶುಲ್ಕವಿಲ್ಲ. ಹಿಂದೆ ಕುಳಿತು ಎದ್ದವರು ಕೊಟ್ಟ ದಾನದಲ್ಲಿ ಇವತ್ತು ಕೂರುವವರ ಊಟ ನಡೆಯುತ್ತದೆ. ಅನ್ನ ಬೇಯಿಸುವವರು, ಗಂಟೆ ಬಾರಿಸುವವರು ಸಂಬಳವಿಲ್ಲದ ಧಮ್ಮಸೇವಕರು, ಅವರೂ ಒಮ್ಮೆ ಕುಳಿತವರೇ. ಮುಖ ಕಾಣದ ಎಷ್ಟೋ ಜನ ಸೇರಿ ಒಬ್ಬ ಅಪರಿಚಿತನಿಗೆ ಹತ್ತು ದಿನದ ಬಿಡುವನ್ನು ದಾನ ಕೊಡುತ್ತಾರೆ. ಆದರೆ ಆ ದಾನ ಕೇಂದ್ರದ ಬಾಗಿಲಿನಿಂದ ಒಳಕ್ಕೆ ಮಾತ್ರ. ಬಾಗಿಲಿನವರೆಗೆ ಅವನನ್ನು ಕಳಿಸಿಕೊಡಬೇಕಾದದ್ದು ಮನೆ. ಮಹಾರಾಷ್ಟ್ರ ಸರ್ಕಾರ ತನ್ನ ನೌಕರರಿಗೆ ವಿಪಶ್ಯನ ಶಿಬಿರಕ್ಕೆಂದು ರಜೆ ಕೊಡುವ ಪದ್ಧತಿ ತಂದಿದೆ. ಹಸು ಕಟ್ಟಿದ ಹೆಣ್ಣುಮಗಳಿಗೆ ರಜೆ ಮಂಜೂರು ಮಾಡುವವರು ಯಾರು?

ಅವಳ ದಿನ ನಮಗೆ ಗೊತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದು ಕಸ ಗುಡಿಸಿ, ಹಾಲು ಕರೆದು ಡೈರಿಗೆ ಹಾಕಿ ಬರಬೇಕು. ಹುಳುವಿಗೆ ಸೊಪ್ಪು. ಮುದ್ದೆ, ಸಾರು, ಮಕ್ಕಳ ಸ್ಕೂಲು. ಹಗಲು ಕಳೆ, ಸೊಪ್ಪು ಕೊಯ್ಲು. ಸಂಜೆ ಮತ್ತೆ ಹಾಲು, ಮತ್ತೆ ಸೊಪ್ಪು. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಕಾಲ) ಎದ್ದ ಮೇಲಂತೂ ಹುಳುವಿಗೆ ಹಾಕಿದಷ್ಟೂ ಸಾಲದು; ಹಣ್ಣಾದ ಹುಳು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ರಾತ್ರಿ ನಿದ್ದೆಯೇ ಇಲ್ಲ. ನಮ್ಮ ಹಿರಿಯರು ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಬಸವನಿಗೆ ವಾರಕ್ಕೊಂದು ದಿನ ಬಿಡುವು ಕೊಟ್ಟ ದೊಡ್ಡ ಮನಸ್ಸಿನ ಜನ ನಾವು. ಅದೇ ಮನೆಯ ಹೆಣ್ಣುಮಗಳಿಗೆ ಯಾವ ವಾರವನ್ನೂ ಇಟ್ಟಿಲ್ಲ.

ಧ್ಯಾನದಿಂದ ಸಮಾಜದ ಅನ್ಯಾಯ ಹೋಗುತ್ತದೆಯೇ, ಕಣ್ಣು ಮುಚ್ಚಿ ಕೂತರೆ ಏನು ಬದಲಾದೀತು ಎಂದು ಕೇಳುವವರಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮಕ್ಕೆ ಬಂದ ಬಾಬಾಸಾಹೇಬ್ ಅಂಬೇಡ್ಕರ್ ತಮ್ಮ ‘ಬುದ್ಧ ಮತ್ತು ಆತನ ಧಮ್ಮ’ ಕೃತಿಯಲ್ಲಿ ಧಮ್ಮವನ್ನು ಮನುಷ್ಯ ಮನುಷ್ಯರ ನಡುವಿನ ನಡೆಯಲ್ಲಿ ಕಂಡರು. ಒಬ್ಬನೇ ಇದ್ದರೆ ಧಮ್ಮ ಬೇಕಿಲ್ಲ, ಇಬ್ಬರು ಸೇರಿ ಬಾಳುವಲ್ಲಿ ಅದಿಲ್ಲದೆ ಆಗದು ಎಂಬುದು ಅವರ ನಿಲುವು. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಹೇಳುವುದು: ಶಿಬಿರದಲ್ಲಿ ಕುಳಿತವನ ಧಮ್ಮದಷ್ಟೇ ಅವನ ಹಸು ಕರೆದವರ ಧಮ್ಮವೂ ಲೆಕ್ಕಕ್ಕೆ ಬರಬೇಕು. ಗಂಡ ಹತ್ತು ದಿನ ಮೌನದಲ್ಲಿದ್ದು ಬಂದು ಹೆಂಡತಿಗೆ ಆ ಅವಕಾಶ ಕೊಡದಿದ್ದರೆ ಅವನ ಮೌನ ಅರ್ಧವೇ.

ಆದ್ದರಿಂದ ಈ ಊರಿನ ಮುಂದೆ ಎರಡು ಕೆಲಸ ಇಡುತ್ತೇನೆ. ಒಂದು, ತಿಂಗಳಿಗೊಂದು ಹುಣ್ಣಿಮೆಯ ದಿನ ಸಮುದಾಯ ಭವನದಲ್ಲೋ ಶಾಲೆಯಲ್ಲೋ ಬೆಳಗಿನಿಂದ ಸಂಜೆವರೆಗೆ ಒಪ್ಪೊತ್ತು ಊಟ, ಮೌನ, ಉಸಿರಿನ ಅಭ್ಯಾಸ. ಅನುಭವವಿರುವ ಸಾಧಕರನ್ನು ಕರೆಸಿ. ಕಬ್ಬಾಳಮ್ಮನಿಗೆ ನಡೆದುಕೊಳ್ಳುವವರು ನಡೆದುಕೊಳ್ಳುತ್ತಲೇ ಇದಕ್ಕೂ ಬರಬಹುದು. ಉಸಿರಿಗೆ ಜಾತಿಯಿಲ್ಲ, ಕುಲದೇವರ ತಕರಾರೂ ಇಲ್ಲ. ಮೊದಲ ಸಾಲು ಹೆಂಗಸರದಾಗಿರಲಿ. ಆ ಹೊತ್ತು ಮಕ್ಕಳನ್ನು ನೋಡಿಕೊಳ್ಳುವ, ಅಡುಗೆ ಮಾಡುವ ಸರದಿ ಗಂಡಸರದು.

ಇನ್ನೊಂದು, ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ, ಹುಳು ಮನೆ ತೊಳೆದು ಬ್ಲೀಚಿಂಗ್ ಪುಡಿ ಹೊಡೆದು, ಮುಂದಿನ ಸೊಪ್ಪು ಕೊಯ್ಲಿಗೆ ಬಂದು ಚಾಕಿ ಮರಿಹುಳು ತರುವವರೆಗೆ ಪ್ರತಿ ಬೆಳೆಗೂ ಕೆಲವು ದಿನ ಸಿಗುತ್ತದೆ. ವರ್ಷದಲ್ಲಿ ಒಂದು ಸಲವಾದರೂ ಆ ದಿನಗಳನ್ನು ಮನೆಯ ಒಬ್ಬರ ಶಿಬಿರಕ್ಕೆ ಮೀಸಲಿಡಿ. ಅಕ್ಕಪಕ್ಕದ ನಾಲ್ಕು ಮನೆ ಮುಯ್ಯಾಳಿನ ಲೆಕ್ಕದಲ್ಲಿ ಸೇರಿದರೆ ಹಸುವಿನ ಚಿಂತೆಯೂ ಇಲ್ಲ. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಕೊಟ್ಟು ತಂದು ಬದುಕಿದ ಒಕ್ಕಲು ನಮ್ಮದು. ಮನಸ್ಸಿನ ಬೇಸಾಯಕ್ಕೂ ಕೊಡೋಣ.

ಇಲ್ಲಿ ಕುಳಿತಿರುವ ಅಣ್ಣತಮ್ಮಂದಿರನ್ನು ಒಂದು ಮಾತು ಕೇಳಿ ಮುಗಿಸುತ್ತೇನೆ. ಧ್ಯಾನ ಒಳ್ಳೆಯದೋ ಕೆಟ್ಟದ್ದೋ ಎಂದು ಇವತ್ತು ರಾತ್ರಿ ಚರ್ಚೆ ಮಾಡಬೇಡಿ. ಮನೆಗೆ ಹೋಗಿ ತಾಯಿಗೋ ಹೆಂಡತಿಗೋ ಅಕ್ಕನಿಗೋ ಹೇಳಿ: ‘ಈ ಬೆಳೆ ಮುಗಿಯಲಿ, ಹತ್ತು ದಿನ ಮನೆ ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಿ ಬಾ.’ ಅವರು ಹೋಗಬಹುದು, ಹೋಗದೆಯೂ ಇರಬಹುದು, ಅದು ಅವರ ಇಷ್ಟ. ಆದರೆ ಆ ಮಾತನ್ನು ಮನಸಾರೆ ಆಡಿ, ಆಡಿದಂತೆ ನಡೆಯಲು ಸಿದ್ಧವಾದ ಮನೆಯಲ್ಲಿ ಧಮ್ಮ ಆಗಲೇ ಶುರುವಾಗಿದೆ.